ಯಾತ್ರಾಪಥ: ನಮ್ಮ ಕಾರಿನಲ್ಲಿ ವಯನಾಡಿನ ಬಸದಿಗಳಿಗೆ



ವ್ಯಾಪಾರದ ಮನೆಗಳಲ್ಲಿ ರಜೆ ಸುಲಭವಾಗಿ ಸಿಗುವುದಿಲ್ಲ. ದೀಪಾವಳಿಯ ಲೆಕ್ಕ ಮುಗಿಯಬೇಕು, ಮಕ್ಕಳ ಪರೀಕ್ಷೆ ಅಡ್ಡ ಬರಬಾರದು, ಗಲ್ಲಾದ ಮೇಲೆ ಕೂರಲು ತಮ್ಮನೋ ಭಾವಮೈದುನನೋ ಒಪ್ಪಬೇಕು. ಇಷ್ಟೆಲ್ಲ ಕೂಡಿಬಂದು ಮೂರು ದಿನ ಸಿಕ್ಕರೆ ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆ ಏಳುತ್ತದೆ. ಈಗಿನ ಮಕ್ಕಳು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ತಾವೇ ಕಾರು ನಡೆಸಿಕೊಂಡು ಹೋಗುವ ಮಾತಾಡುತ್ತಾರೆ. ಅದೂ ಒಂದು ದಿನ ಆಗಲಿ. ಆದರೆ ಮೈಸೂರಿನಿಂದ ಮೂರು ನಾಲ್ಕು ತಾಸಿನ ದಾರಿಯಲ್ಲಿ, ಕಾಫಿ ಮೆಣಸಿನ ತೋಟಗಳ ನಡುವೆ ನಮ್ಮವೇ ಬಸದಿಗಳಿವೆ. ಮನೆಯೊಳಗೆ ಕನ್ನಡ ಆಡುವ ಜೈನ ಕುಟುಂಬಗಳಿವೆ. ಆ ವಯನಾಡನ್ನು ಕಾಣದವರು ನಮ್ಮಲ್ಲಿ ಬಹಳ ಮಂದಿ.

ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ಈ ದಿಗಂಬರ ಕುಟುಂಬಗಳನ್ನು ಅಲ್ಲಿಯವರು ಗೌಡರ್ ಎಂದು ಕರೆಯುತ್ತಾರೆ. ಸಂಖ್ಯೆ ಚಿಕ್ಕದಾದರೂ ಹೆಸರು ದೊಡ್ಡದು. 1957ರಲ್ಲಿ ತಲಶ್ಶೇರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಎಂ. ಕೆ. ಜಿನಚಂದ್ರನ್ ಈ ಸಮಾಜದವರು. ಕಲ್ಪೆಟ್ಟದ ಪದ್ಮಪ್ರಭ ಗೌಡರ ಮಗ ಎಂ. ಪಿ. ವೀರೇಂದ್ರಕುಮಾರ್ 'ಮಾತೃಭೂಮಿ' ಪತ್ರಿಕೆಯನ್ನು ನಡೆಸಿದರು, ಸಂಸತ್ತಿನಲ್ಲಿ ಕುಳಿತರು, ಹಿಮಾಲಯ ಪ್ರವಾಸದ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಅವರು 2020ರಲ್ಲಿ ತೀರಿಕೊಂಡರು.

ಈಗ ಪ್ರಯಾಣದ ಮಾತಿಗೆ ಬರೋಣ. ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿದರೆ ಬಂಡೀಪುರದ ಕಾಡು. ಅದನ್ನು ಹಾದು ಮುತ್ತಂಗ ಸೇರಿದರೆ ಕೇರಳ, ಅಲ್ಲಿಂದ ಸ್ವಲ್ಪ ದೂರಕ್ಕೆ ಸುಲ್ತಾನ್ ಬತ್ತೇರಿ. ಇದು ರಾಷ್ಟ್ರೀಯ ಹೆದ್ದಾರಿ 766. ಈ ಕಾಡಿನ ಭಾಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರ ನಿಷೇಧ. ಕೆಲವೇ ಬಸ್ಸು ಹಾಗೂ ತುರ್ತು ವಾಹನಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ಗುಂಡ್ಲುಪೇಟೆಯಲ್ಲಿ ಪೆಟ್ರೋಲು ತುಂಬಿಸಿ, ಕಾಡನ್ನು ಹಗಲಿನಲ್ಲಿ ದಾಟುವ ಲೆಕ್ಕ ಇಟ್ಟುಕೊಳ್ಳಬೇಕು. ಕಾಡಿನೊಳಗೆ ಕಾರು ನಿಲ್ಲಿಸಬಾರದು, ಇಳಿಯಬಾರದು, ಮಂಗಗಳಿಗೆ ಬಾಳೆಹಣ್ಣು ಎಸೆಯಬಾರದು. ಎಸೆದ ಹಣ್ಣಿಗೆ ರಸ್ತೆಗಿಳಿದ ಮಂಗ ಹಿಂದಿನ ಕಾರಿನ ಚಕ್ರಕ್ಕೆ ಸಿಕ್ಕರೆ ಆ ದಾನ ದಯೆಯಾಗಿ ಉಳಿಯುವುದಿಲ್ಲ.

ಈ ರಾತ್ರಿ ನಿಷೇಧದ ಬಗ್ಗೆ ನಮ್ಮ ವರ್ತಕರಲ್ಲಿ ಎರಡು ಮಾತಿದೆ. ಗುಂಡ್ಲುಪೇಟೆಯ ತರಕಾರಿ ಕೇರಳಕ್ಕೆ ಹೋಗುವುದು ಇದೇ ದಾರಿಯಲ್ಲಿ. ಲಾರಿ ಒಂದು ರಾತ್ರಿ ನಿಂತರೆ ಮಾಲು ಬಾಡುತ್ತದೆ, ಬಾಡಿಗೆ ಏರುತ್ತದೆ. ಈ ಕಷ್ಟ ಸುಳ್ಳಲ್ಲ. ವಯನಾಡಿನ ಜನರೂ ಇದನ್ನು ವಿರೋಧಿಸಿ ಹೋರಾಡಿದ್ದಾರೆ, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿದೆ. ಆದರೆ ದೀಪದ ಬೆಳಕಿಗೆ ಕಣ್ಣು ಕತ್ತಲಾಗಿ ನಿಂತ ಜಿಂಕೆಯ ಪಾಡನ್ನೂ ಯೋಚಿಸಬೇಕು. ಕತ್ತಲೆಯಲ್ಲಿ ಜೀವ ಕಾಣುವುದಿಲ್ಲವೆಂದೇ ನಮ್ಮ ಹಿರಿಯರು ರಾತ್ರಿ ಊಟ ಬಿಟ್ಟರು. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಮುನಿಗಳ ವ್ರತ. ಸ್ಟೀರಿಂಗ್ ಹಿಡಿದ ಶ್ರಾವಕ ಅದರಲ್ಲಿ ಒಂದಂಶವನ್ನಾದರೂ ಪಾಲಿಸಬಹುದು. ಸರಕಿಗೆ ಬೇರೆ ದಾರಿ, ಬೇರೆ ಹೊತ್ತು ಹುಡುಕಲು ಸಾಧ್ಯ. ಹೋದ ಜೀವವನ್ನು ತರಲು ಸಾಧ್ಯವಿಲ್ಲ.

ಮೊದಲ ದಿನ ಬತ್ತೇರಿ. ಈ ಊರಿಗೆ ಹಿಂದೆ ಹನ್ನೆರಡು ಬೀದಿ ಎಂಬ ಹೆಸರಿತ್ತೆಂದು ಹೇಳುತ್ತಾರೆ. ಜೈನರ ಹನ್ನೆರಡು ಬೀದಿಗಳಿದ್ದ ಪೇಟೆ ಅದಂತೆ. ಪೇಟೆಯ ಮಗ್ಗುಲಲ್ಲೇ ಕಲ್ಲಿನ ಬಸದಿ ನಿಂತಿದೆ. ವಿಜಯನಗರ ಶೈಲಿಯ ಕಂಬಗಳು, ಒಂದರ ಹಿಂದೆ ಒಂದು ಮಂಟಪ, ಕೊನೆಗೆ ಗರ್ಭಗೃಹ. ಟಿಪ್ಪುಸುಲ್ತಾನನ ಕಾಲದಲ್ಲಿ ಇದನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದರೆಂದೂ, ಊರಿಗೆ ಬತ್ತೇರಿ ಎಂಬ ಹೆಸರು ಅದರಿಂದಲೇ ಬಂತೆಂದೂ ಪ್ರತೀತಿ. ಈಗ ಇದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗಂಟೆ, ಆರತಿ ನಿರೀಕ್ಷಿಸಬೇಡಿ. ಮಕ್ಕಳನ್ನು ಕೂಡಿಸಿಕೊಂಡು ಒಂದು ಘಳಿಗೆ ಸುಮ್ಮನೆ ಕುಳಿತು ಣಮೋಕಾರ ಹೇಳಿ. ಅಷ್ಟೇ ಸಾಕು.

ಎರಡನೆಯ ದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಅಂಬುಕುತ್ತಿ ಬೆಟ್ಟದ ಎಡಕ್ಕಲ್ ಗುಹೆಗೆ ಹೋಗಿ. ಎರಡು ಬಂಡೆಗಳ ಎಡೆಯಲ್ಲಿ ಇನ್ನೊಂದು ಕಲ್ಲು ಸಿಕ್ಕಿಕೊಂಡು ಆದ ಬಿರುಕಿದು. ಹೆಸರಿನಲ್ಲೇ ಆ ಅರ್ಥವಿದೆ. ಗೋಡೆಯ ಮೇಲೆ ನವಶಿಲಾಯುಗದವೆನ್ನಲಾದ ಮನುಷ್ಯರ, ಪ್ರಾಣಿಗಳ ಗೀರುಚಿತ್ರಗಳಿವೆ. 1890ರ ದಶಕದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಇವನ್ನು ಲೋಕಕ್ಕೆ ತಿಳಿಸಿದ. ಹತ್ತುವ ದಾರಿ ಕಡಿದು, ಮೊಣಕಾಲು ನೋವಿರುವ ಅತ್ತೆ ಮಾವಂದಿರು ಕೆಳಗೇ ಉಳಿಯುವುದು ಲೇಸು. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿ.

ಅಲ್ಲಿಂದ ಕಲ್ಪೆಟ್ಟ. ಪಟ್ಟಣದಿಂದ ಸುಮಾರು 6 ಕಿಲೋಮೀಟರು ದೂರದ ಪುಳಿಯಾರ್ಮಲೆಯಲ್ಲಿ ಅನಂತನಾಥ ಸ್ವಾಮಿಯ ಬಸದಿಯಿದೆ. ಹದಿನಾಲ್ಕನೆಯ ತೀರ್ಥಂಕರರ ಸನ್ನಿಧಿ. ತೋಟಗಳ ನಡುವೆ ಎದ್ದ ದ್ರಾವಿಡ ಶೈಲಿಯ ಗೋಪುರ ಕಂಡಾಗ ಕರ್ನಾಟಕದಲ್ಲೇ ಇದ್ದೇವೆ ಅನ್ನಿಸುತ್ತದೆ. ಮೂರನೆಯ ದಿನ ಪನಮರಂ ಕಡೆಯಿಂದ ಮಾನಂತವಾಡಿಗೆ ಬಂದು ಅಲ್ಲಿಯ ಆದೀಶ್ವರ ಸ್ವಾಮಿಯ ದರ್ಶನ ಮಾಡಬಹುದು. ಮರಳುವಾಗ ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ದಾರಿ ಹಿಡಿದರೆ ಕೊಡಗಿನ ಅಂಚೂ ನೋಡಿದಂತಾಯಿತು. ಬಾವಲಿ, ಎಚ್.ಡಿ. ಕೋಟೆಯ ದಾರಿ ಹತ್ತಿರ, ಆದರೆ ಕಾಡಿನ ಗೇಟು ಸಂಜೆಗೇ ಮುಚ್ಚುತ್ತದೆ.

ಒಂದು ಮುಖ್ಯ ಮಾತು. ಈ ಊರುಗಳ ಬಸದಿಗಳು ದಿನವಿಡೀ ತೆರೆದಿರುವ ದೊಡ್ಡ ಕ್ಷೇತ್ರಗಳಲ್ಲ. ನಾಲ್ಕಾರು ಮನೆಯವರು ಕೂಡಿ ಉಳಿಸಿಕೊಂಡು ಬಂದವು. ಬೆಳಗಿನ ಪೂಜೆ ಮುಗಿದರೆ ಬೀಗ ಬೀಳಬಹುದು. ಹೊರಡುವ ಮುನ್ನವೇ ನಿಮ್ಮ ಪರಿಚಯದವರ ಮೂಲಕ ಅಲ್ಲಿಯ ಸಮಾಜದವರಿಗೆ ಫೋನು ಮಾಡಿಸಿ. ಹೋದಾಗ ಅವರ ಮನೆಯಲ್ಲಿ ಊಟಕ್ಕೆ ಕಾಯಬೇಡಿ. ಅಕ್ಕಿ, ತುಪ್ಪ, ಅಷ್ಟದ್ರವ್ಯ ನೀವೇ ಒಯ್ಯಿರಿ. ಹತ್ತು ಜನ ಕನ್ನಡದಲ್ಲಿ ಮಾತಾಡಿಸಿ, ಅವರ ಮಕ್ಕಳ ಹೆಸರು ಕೇಳಿ ಬಂದರೆ ಅಲ್ಲಿಯ ಹಿರಿಯರಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ. ನಮ್ಮ ಕಾಣಿಕೆ ಡಬ್ಬಿಗೆ ಬೀಳುವುದು ಎಷ್ಟು ಮುಖ್ಯವೋ, ನಮ್ಮವರು ಬರುತ್ತಾರೆಂಬ ಧೈರ್ಯ ಅವರಲ್ಲಿ ಹುಟ್ಟುವುದೂ ಅಷ್ಟೇ ಮುಖ್ಯ.

ಊಟದ ವಿಷಯ ಗೃಹಿಣಿಯರಿಗೆ ಗೊತ್ತೇ ಇದೆ. ಪಟ್ಟಣಗಳಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ, ಆದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಇಲ್ಲದ ಅಡುಗೆ ಕೇಳಿದೊಡನೆ ಸಿಗುವುದಿಲ್ಲ. ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಕಾಯಿಸಿ ಆರಿಸಿದ ನೀರು ಜೊತೆಗಿರಲಿ. ಸಂಜೆ 5ಕ್ಕೆ ತಂಗುವ ಜಾಗ ಸೇರುವಂತೆ ದಿನವನ್ನು ಹಂಚಿಕೊಂಡರೆ ಸೂರ್ಯಾಸ್ತದೊಳಗೆ ಊಟವೂ ಆಗುತ್ತದೆ, ತಿರುವಿನ ರಸ್ತೆಯಲ್ಲಿ ಕತ್ತಲೆಯ ಭಯವೂ ತಪ್ಪುತ್ತದೆ. ಸರದಿಯಂತೆ ಕಾರು ನಡೆಸಲು ಇಬ್ಬರಿರಲಿ. ಬಾಡಿಗೆ ಕಾರಾದರೆ ಕೇರಳಕ್ಕೆ ಕಟ್ಟಬೇಕಾದ ತೆರಿಗೆಯನ್ನು ಮೊದಲೇ ಕೇಳಿ ತಿಳಿಯಿರಿ.

ಮಳೆಗಾಲದಲ್ಲಿ ಮಾತ್ರ ಬೇಡ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಬೆಟ್ಟವೇ ಕುಸಿದು ನೂರಾರು ಜನ ನಿದ್ದೆಯಲ್ಲೇ ಮಣ್ಣುಪಾಲಾದರು. ಆ ಜಾಗವನ್ನು ನೋಡುವ ತಾಣವೆಂದು ಹುಡುಕಿಕೊಂಡು ಹೋಗಬೇಡಿ. ಜಿಲ್ಲೆಯ ವ್ಯಾಪಾರಿಗಳು, ಹೋಟೆಲಿನವರು ಆ ಪೆಟ್ಟಿನಿಂದ ಮೇಲೇಳಬೇಕಾದರೆ ಹೊರಗಿನವರು ಬಂದು ತಂಗಬೇಕು, ಅಲ್ಲಿಯ ಕಾಫಿಪುಡಿ, ಮೆಣಸು, ಏಲಕ್ಕಿ ಕೊಳ್ಳಬೇಕು. ಅಂಗಡಿಯವರ ಕಷ್ಟ ಅಂಗಡಿಯವರಿಗಲ್ಲದೆ ಇನ್ನಾರಿಗೆ ಗೊತ್ತು?

ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ನಾವೂ ಆ ನಾಲ್ಕು ತಿಂಗಳು ಅಂಗಡಿ ನೋಡಿಕೊಳ್ಳೋಣ. ದೀಪಾವಳಿಯಂದು ವೀರನಿರ್ವಾಣದ ಪೂಜೆ ಮುಗಿಸಿ, ಹೊಸ ಪುಸ್ತಕಕ್ಕೆ ಶ್ರೀಕಾರ ಹಾಕಿ, ನವೆಂಬರಿನಿಂದ ಫೆಬ್ರವರಿಯ ಒಳಗೆ ಮೂರು ದಿನ ಗುರುತು ಮಾಡಿಟ್ಟುಕೊಳ್ಳಿ. ಎಲ್ಲರಿಗೂ ಪ್ರಯಾಣ ಸುಖಕರವಾಗಲಿ.