ಕಥೆಗಳಲ್ಲಿ ಅಜ್ಜಿಯನ್ನು ಸಾಯಿಸಿದ್ದು ಸಾಕು

ಊರು ಬಿಟ್ಟ ನಾವು ಬರೆಯುವ ಬಾಲ್ಯದ ಕಥೆಗಳಿಗೆ ಒಂದು ಟೆಂಪ್ಲೇಟ್ ಸಿದ್ಧವಾಗಿಬಿಟ್ಟಿದೆ. ಹಿತ್ತಲಲ್ಲಿ ಹಲಸಿನ ಮರ, ಜಗಲಿಯಲ್ಲಿ ಅಜ್ಜಿ, ಬೇಸಿಗೆ ರಜೆ. ಕೊನೆಯ ಪ್ಯಾರಾದಲ್ಲಿ ಅಜ್ಜಿ ಸಾಯುತ್ತಾಳೆ, ಮರ ಉರುಳುತ್ತದೆ, ನಗರದಲ್ಲಿರುವ ನಿರೂಪಕ ಕಣ್ಣೊರೆಸಿಕೊಳ್ಳುತ್ತಾನೆ. ಓದಿದ ನಾವೂ ಒರೆಸಿಕೊಂಡು ಸೋಮವಾರದ ಮೀಟಿಂಗಿಗೆ ಹೋಗುತ್ತೇವೆ. ಅಗ್ಗದ ಪಾಪಪರಿಹಾರ!

ನಮ್ಮ ಕಥಾಪರಂಪರೆಯೇ ಇಂಥದ್ದು ಎನ್ನುವವರ ಜೊತೆ ನನಗೆ ತಕರಾರಿದೆ. ಪ್ರೇಮಚಂದರ ‘ಈದ್‌ಗಾಹ್’ ನೋಡಿ. ಹಮೀದನ ಹತ್ತಿರ ಇರುವುದು 3 ಪೈಸೆ. ಜೊತೆಯ ಹುಡುಗರು ಮಣ್ಣಿನ ಬೊಂಬೆ ಕೊಂಡರೆ ಅವನು ಚಿಮಟ ಕೊಳ್ಳುತ್ತಾನೆ. ರೊಟ್ಟಿ ತೆಗೆಯುವಾಗ ಅಜ್ಜಿ ಅಮೀನಾಳ ಬೆರಳು ಸುಡುವುದನ್ನು ಅವನು ಬಲ್ಲ. ಆ ಹುಡುಗನಿಗೆ ಅಜ್ಜಿ ಒಂದು ಹೊಣೆ. ಟ್ಯಾಗೋರರ ‘ಬಲಾಯಿ’ (1928) ಇನ್ನೂ ನಿಷ್ಠುರ. ಹುಡುಗ ಕಾಪಾಡಿಕೊಂಡ ಬೂರುಗದ ಮರವನ್ನು ಕಡಿಸುವವನು ಕಥೆ ಹೇಳುವ ಚಿಕ್ಕಪ್ಪನೇ. ದೂರ ಹೋದ ಹುಡುಗ ಮರದ ಫೋಟೋ ಬೇಕೆಂದು ಕಾಗದ ಬರೆಯುವ ಹೊತ್ತಿಗೆ ಮರವೇ ಇಲ್ಲ. ನಮ್ಮ ಕಥೆಗಳಲ್ಲೋ ಮರ ತಾನಾಗಿಯೇ ಬೀಳುತ್ತದೆ. ತೋಟ ಮಾರಿದ ಪತ್ರಕ್ಕೆ ಸಹಿ ಹಾಕಿದವರು ಯಾರೆಂದು ಯಾರೂ ಬರೆಯುವುದಿಲ್ಲ. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಮಾರ, ಪ್ಯಾರ, ಕಿವಿ ಎಂಬ ನಾಯಿ ಎಲ್ಲರೂ ಕಾಡಿನ ಜೊತೆ ದಿನವೂ ಏಗುತ್ತಾರೆ, ಕಳೆದುಹೋದ ಸ್ವರ್ಗಕ್ಕಾಗಿ ಅಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಕಳೆದುಕೊಂಡದ್ದಕ್ಕೆ ಅಳುವುದೂ ತಪ್ಪೇ ಎಂದು ಕೇಳಬಹುದು. ತಪ್ಪೇನಿಲ್ಲ. ಆದರೆ ಅದರ ಬೆಲೆ ತೆರುವವರು ನಮ್ಮ ಮಕ್ಕಳು. ನಾನಿರುವುದು ವಡೋದರದ ಫತೇಗಂಜ್‌ನಲ್ಲಿ. ಈ ಊರಿನ ಹೆಸರಿನಲ್ಲೇ ಆಲದ ಮರವಿದೆ. ಊರ ನಡುವೆ ಹರಿಯುವ ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿವೆ. 2024ರ ಆಗಸ್ಟ್ ನೆರೆಯಲ್ಲಿ ಅವು ಬೀದಿಗೇ ಬಂದಿದ್ದವು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಪ್ರಕೃತಿ ಎಂದರೆ ಇದು. ಅಜ್ಜಿ ಎಂದರೆ, ವರ್ಷಕ್ಕೆ ನಾಲ್ಕು ತಿಂಗಳು ನಮ್ಮ ಮೂರನೇ ಮಹಡಿಗೆ ಬಂದು, ಗುಜರಾತಿ ಬಾರದೆ, ತರಕಾರಿ ಗಾಡಿಯವನ ಜೊತೆ ಕೈಸನ್ನೆಯಲ್ಲೇ ಚೌಕಾಸಿ ಮಾಡುವ ನನ್ನ ಅಮ್ಮ. ಲೆಕ್ಕ ತಪ್ಪಿದಾಗ ಮೊಮ್ಮಗಳೇ ದುಭಾಷಿ. ಇವರಿಬ್ಬರಲ್ಲಿ ಕಥೆಯಿಲ್ಲವೇ? ನಿಜವಾದ ಬಾಲ್ಯ ನಮ್ಮ ಹಳ್ಳಿಯಲ್ಲೇ ಮುಗಿಯಿತು ಎಂದು ನಾವು ಬರೆಯುತ್ತಾ ಹೋದರೆ, ಅವಳ ಪಾಲಿಗೆ ಉಳಿಯುವುದು ನಮ್ಮ ಎಂಜಲು ನೆನಪು ಮಾತ್ರ. ಇತ್ತ ಸೋಫಾದ ಮೇಲೆ ಕೂತಿರುವ ಜೀವಂತ ಅಜ್ಜಿಯನ್ನು ಮಾತಾಡಿಸುವವರಿಲ್ಲ.

ಮುಂದಿನ ಸಂಚಿಕೆಗೆ ಕಥೆ ಬರೆಯುತ್ತಿರುವವರೇ, ಅಜ್ಜಿ ಬದುಕಿರಲಿ. ಅವಳ ಮಂಡಿನೋವು, ಮೊಮ್ಮಗಳ ಗುಜರಾತಿ, ಹೊಳೆಯ ಮೊಸಳೆ ಎಲ್ಲವೂ ಕಥೆಯೊಳಗೆ ಬರಲಿ. ಮರ ಬಿದ್ದೇ ಬೀಳಬೇಕೆಂದಿದ್ದರೆ, ಕೊಡಲಿ ಯಾರ ಕೈಯಲ್ಲಿತ್ತು ಎಂಬುದನ್ನೂ ಬರೆಯಿರಿ.