ಬೊಗಳದ ನಾಯಿ

ಬೊಗಳದ ನಾಯಿ ಉಂಟೆ? ಉಂಟು. ಮಧ್ಯ ಆಫ್ರಿಕಾದ ಕಾಂಗೋ ಕಾಡುಗಳ ಬಸೆಂಜಿ ಇತರ ನಾಯಿಗಳಂತೆ ಬೊಗಳುವುದಿಲ್ಲ. ಮೂಕಪ್ರಾಣಿಯೂ ಅಲ್ಲ, ಖುಷಿಯಾದರೆ ರಾಗ ಎಳೆಯುತ್ತದೆ. ಬೇಟೆಯಲ್ಲಿ ಅದು ಎಲ್ಲಿದೆಯೆಂದು ತಿಳಿಯಲು ಹಳ್ಳಿಗರು ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರು. ನೆಟ್ಟಗಿನ ಕಿವಿ, ಸುರುಳಿ ಬಾಲ, ಸುಕ್ಕುಗಟ್ಟಿದ ಹಣೆ ಇದರ ಗುರುತು. ಸಾಮಾನ್ಯವಾಗಿ ಹೆಣ್ಣುನಾಯಿ ವರ್ಷಕ್ಕೆರಡು ಬಾರಿ ಬೆದೆಗೆ ಬಂದರೆ, ಬಸೆಂಜಿ ತೋಳದಂತೆ ಒಮ್ಮೆ ಮಾತ್ರ.

2004ರಲ್ಲಿ 85 ತಳಿಗಳ ಡಿ.ಎನ್.ಎ. ಹೋಲಿಸಿದ ವಿಜ್ಞಾನಿಗಳು ಬಸೆಂಜಿಯನ್ನು ತೋಳಕ್ಕೆ ಹತ್ತಿರದ ಪ್ರಾಚೀನ ತಳಿಗಳ ಗುಂಪಿಗೆ ಸೇರಿಸಿದರು. ಹಾಗಾದರೆ ಇದೇ ನಾಯಿಕುಲದ ಮೂಲವೆ? ಅವಸರ ಬೇಡ. 2012ರ ಅಧ್ಯಯನದ ಪ್ರಕಾರ, ದೂರದಲ್ಲಿ ಪ್ರತ್ಯೇಕವಾಗಿದ್ದ ಇಂಥ ತಳಿಗಳಿಗೆ ಹೊರಗಿನ ನಾಯಿಗಳ ರಕ್ತ ಹೆಚ್ಚು ಬೆರೆಯಲಿಲ್ಲ. ಆದ್ದರಿಂದಲೇ ಅವುಗಳ ಡಿ.ಎನ್.ಎ. ಬೇರೆಯಾಗಿ ಕಾಣುತ್ತದೆ. ಬೇರೆಯಾಗಿ ಕಂಡ ಮಾತ್ರಕ್ಕೆ ಅದೇ ಎಲ್ಲಕ್ಕಿಂತ ಹಳೆಯದು ಎನ್ನಲಾಗದು.