ತಾಲ್ಲೂಕಿನಲ್ಲೂ ಇರಬೇಕಾದ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಪರೀಕ್ಷೆ, ಅಂಕಪಟ್ಟಿ ಮತ್ತು ಘಟಿಕೋತ್ಸವದ ನಿಲುವಂಗಿ. ಸಂಶೋಧನೆ, ವಿಚಾರಗೋಷ್ಠಿ, ಯುವಜನೋತ್ಸವ, ಊರಿನ ಬಾಳಿನೊಡನೆ ಬಳಕೆ, ಇವೆಲ್ಲ ಸೇರಿದ ಹೊರತು ಆ ಹೆಸರು ಸಲ್ಲದು. ರಾಯಚೂರಿನಲ್ಲಿ ಇಂದು ಒಂದು ಸಾಮಾನ್ಯ ವಿಶ್ವವಿದ್ಯಾನಿಲಯವೂ ಒಂದು ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಇವೆ. ಆದರೂ ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಪದವಿ ತರಗತಿಗಳಿಗೆ ಉನ್ನತ ವಿದ್ಯೆಯು ಬಹುಮಟ್ಟಿಗೆ ಪ್ರಶ್ನಪತ್ರಿಕೆಯ ರೂಪದಲ್ಲಿಯೇ ಬಂದು ಮುಟ್ಟುತ್ತದೆ.

ಸಂಶೋಧನೆಗೆ ಈ ನೆಲದಲ್ಲಿ ವಸ್ತುವಿಲ್ಲವೆಂದು ಯಾರೂ ಹೇಳಲಾರರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರಿಗೆ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದು ಕಂಡಿತು. ಅದರಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಬಿರುದುಗಳಿಂದ ಮಾತ್ರ ತಿಳಿದಿದ್ದ ಆ ಶಾಸನಕರ್ತನು ಯಾರೆಂಬುದು ಸ್ಥಿರಪಟ್ಟಿತು. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಪ್ರಾಚೀನರು ಅಗೆದ ಗಣಿಗಳ ಗುರುತುಗಳೂ ಅಲ್ಲಿವೆ.

ಆದರೆ ನಮಗೆ ಎಲ್ಲಕ್ಕಿಂತ ತುರ್ತಾಗಿ ತೋರುವುದು ಸಿಂಧನೂರಿನ ಗದ್ದೆ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಅಲ್ಪ ನೀರಿನ ಬೆಳೆಗಳಿಗೆಂದು ಯೋಜಿಸಿದ್ದರು, ಬೆಳೆದುದು ಭತ್ತ. ನೀರು ನಿಂತಲ್ಲಿ ಅಂತರ್ಜಲ ಮೇಲೇರುತ್ತದೆ, ಕಪ್ಪು ಮಣ್ಣಿನ ಸೂಕ್ಷ್ಮರಂಧ್ರಗಳಲ್ಲಿ ದೀಪದ ಬತ್ತಿಗೆ ಎಣ್ಣೆ ಏರುವಂತೆ ಮೇಲ್ಮೈಗೆ ಬರುತ್ತದೆ, ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಉಪ್ಪು ಮಾತ್ರ ಹೋಗದು. ಹೀಗೆ ಬಿಳಿ ಕಟ್ಟಿದ ಹೊಲವು ರೈತನ ಕೈಬಿಟ್ಟಂತೆಯೇ.

ಈ ಉಪ್ಪನ್ನು ಅಳೆಯುವುದು ಪದವಿ ವಿದ್ಯಾರ್ಥಿಗೆ ನಿಲುಕುವ ಭೌತಶಾಸ್ತ್ರ. ಭಟ್ಟಿಯಿಳಿಸಿದ ನೀರು ವಿದ್ಯುತ್ತನ್ನು ಅತ್ಯಲ್ಪವಾಗಿ ಹರಿಸುತ್ತದೆ. ಲವಣ ಕರಗಿದಷ್ಟೂ ಅಯಾನುಗಳು ಹೆಚ್ಚಿ ವಾಹಕತೆ ಏರುತ್ತದೆ. ಮಣ್ಣನ್ನು ಅಂಥ ನೀರಿನಿಂದ ತಣಿಸಿ ತೆಗೆದ ಸಾರದ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸನ್ನು ಮೀರಿದರೆ ಆ ಮಣ್ಣು ಲವಣಯುಕ್ತವೆಂದು ಎಣಿಕೆ. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ನೂರಕ್ಕೆ ಎರಡರಷ್ಟು ಏರುವುದರಿಂದ ಎಲ್ಲ ಅಳತೆಗಳನ್ನೂ 25 ಡಿಗ್ರಿಗೆ ತಿದ್ದಿಕೊಳ್ಳಬೇಕು. ನಮ್ಮ ಬೇಸಗೆಯಲ್ಲಿ ಈ ತಿದ್ದುಪಡಿ ಸಣ್ಣದೇನಲ್ಲ!

ಪ್ರತಿ ಕಾಲೇಜೂ ಕೆಲವು ಹೊಲಗಳನ್ನು ಗೊತ್ತುಮಾಡಿಕೊಂಡು, ಅದೇ ಜಾಗಗಳಲ್ಲಿ ಬಿತ್ತನೆಗೆ ಮುಂಚೆ ಮತ್ತು ಸುಗ್ಗಿಯ ತರುವಾಯ, ವರ್ಷವರ್ಷವೂ ಅಳೆಯಲೆಂಬುದು ನಮ್ಮ ಸೂಚನೆ. ಒಂದು ವರ್ಷದ ಅಂಕಿ ಏನನ್ನೂ ಹೇಳದು. ಹತ್ತು ವರ್ಷದ್ದು ಹೇಳೀತು. ಇದಕ್ಕೆ ಪಠ್ಯಕ್ರಮದಲ್ಲಿ ಅಂಕಗಳಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಅಂಕ ಕೊಡುವ ಅಧಿಕಾರವಿರುವವರು ಅದನ್ನು ಕೊಡಲಿ. ಓಮನ ನಿಯಮವನ್ನು ಅದೇ ಹಳೆಯ ತಂತಿಯ ಮೇಲೆ ಮತ್ತೊಮ್ಮೆ ಸಾಧಿಸುವುದಕ್ಕೆ ಕೊಡುತ್ತಿಲ್ಲವೇ? ಫಲಿತಾಂಶವನ್ನು ಕನ್ನಡದಲ್ಲಿ ಬರೆದು, ಮಣ್ಣು ಕೊಟ್ಟ ರೈತರ ಮುಂದೆ, ಅವರ ಊರಿನಲ್ಲಿಯೇ, ವಿದ್ಯಾರ್ಥಿಗಳೇ ಓದಿಹೇಳಬೇಕು. ಅಲ್ಲಿ ಬರುವ ಪ್ರಶ್ನೆಗಳು ಯಾವ ಮೌಖಿಕ ಪರೀಕ್ಷೆಗೂ ಕಡಿಮೆಯಿರಲಾರವು.